ಹದಿಹರೆಯದ ಮಕ್ಕಳಿಗೆ ನಿದ್ದೆ ಮಾಡಲು ಬಿಡಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಓದುತ್ತಿರುವ ನನ್ನ ಮಗಳಿಗೆ ಶಾಲೆಯ ವಿಶೇಷ ತರಗತಿ ಬೆಳಿಗ್ಗೆ 7ಕ್ಕೇ ಶುರು. ಟ್ಯೂಷನ್ ಮುಗಿಸಿ ಊಟಕ್ಕೆ ಕೂರುವಾಗ ರಾತ್ರಿ ಒಂಬತ್ತು. ಮೊನ್ನೆ ಕೈಯಲ್ಲಿ ತುತ್ತು ಹಿಡಿದೇ ತೂಕಡಿಸಿದಳು. ಹಾಸಿಗೆಗೆ ಹೋದರೆ ಮಾತ್ರ ಪರೀಕ್ಷೆಯ ಭಯಕ್ಕೆ ಎದೆ ಢವಢವ, ನಿದ್ದೆಯಿಲ್ಲ.

ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಬೇಕಾದ ನಿದ್ದೆಯೋ 8ರಿಂದ 10 ಗಂಟೆ. ಬೆಳಿಗ್ಗೆ ಏಳಲಾಗದಿದ್ದರೆ ಅದು ಸೋಮಾರಿತನವಲ್ಲ. ಈಗ ಹತ್ತಕ್ಕೆ ಎಲ್ಲರ ಮೊಬೈಲೂ, ನನ್ನದೂ ಸೇರಿ, ಅಡುಗೆಮನೆಯ ಕಪಾಟು ಸೇರುತ್ತದೆ. ರಾತ್ರಿ ಮಾರ್ಕ್ಸಿನ ಮಾತೆತ್ತುವುದಿಲ್ಲ.

ಪರೀಕ್ಷೆಯ ಭಯ ಕಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ. ಈ ಸಂಖ್ಯೆಯನ್ನು ಪ್ರತಿ ಪ್ರೌಢಶಾಲೆಯ ಗೋಡೆಯ ಮೇಲೆ ಬರೆಸಿ, ನಸುಕಿನ ವಿಶೇಷ ತರಗತಿಗಳನ್ನು ಶಿಕ್ಷಣ ಇಲಾಖೆ ನಿಲ್ಲಿಸಲಿ.

– ತಾಯಿಯೊಬ್ಬರು, ಹಾಸನ