ಅಭಿಮಾನಿಗಳ ಸಮಾವೇಶ: ಮೊದಲ ಸಲ ಹೋಗುವವರು ಸುಸ್ತಾಗುವುದು ಸರತಿ ಸಾಲಿನಲ್ಲಿ

ಮಾನ್ಯ ಸಂಪಾದಕರೇ,

ಕಾಮಿಕ್, ಅನಿಮೆ (ಜಪಾನಿನ ಅನಿಮೇಷನ್), ಗೇಮ್, ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಸೇರುವ ಸಮಾವೇಶ ನಡೆದರೆ ಪತ್ರಿಕೆಗಳಲ್ಲಿ ಬರುವುದು ವೇಷ ತೊಟ್ಟವರ ನಾಲ್ಕು ಫೋಟೊ, ಕೆಳಗೆ ಎರಡು ಸಾಲು. ಆ ಫೋಟೊ ನೋಡಿ ಮುಂದಿನ ಸಲ ಟಿಕೆಟ್ ಕೊಂಡು ಬರುವ ಹೊಸಬರಲ್ಲಿ ಎಷ್ಟೋ ಮಂದಿ ಮಧ್ಯಾಹ್ನದ ಹೊತ್ತಿಗೇ ಬೇಸತ್ತು ಗೋಡೆಗೊರಗಿ ಕೂತಿರುತ್ತಾರೆ. ಅಲ್ಲಿ ದಿನದ ದೊಡ್ಡ ಪಾಲು ಕಳೆಯುವುದು ಸಾಲಿನಲ್ಲಿ ನಿಂತೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಲೆಕ್ಕ ಸರಳವಾಗಿದೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ, ವೈಜ್ಞಾನಿಕ ಕಥೆಗಳ ಅಭಿಮಾನಿಗಳ ವಿಶ್ವ ಸಮಾವೇಶವಾದ ಮೊದಲ ವರ್ಲ್ಡ್‌ಕಾನ್‌ಗೆ ಬಂದವರು ಸುಮಾರು ಇನ್ನೂರು ಜನ. 1970ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮೂರು ದಿನದ ಕಾಮಿಕ್ ಸಮಾವೇಶ ನಡೆದಾಗ ಸೇರಿದ್ದವರು ಮುನ್ನೂರರ ಆಸುಪಾಸು. ಈಗ ಅದೇ ಸ್ಯಾನ್ ಡಿಯಾಗೊಗೆ 1,30,000ಕ್ಕೂ ಹೆಚ್ಚು ಜನ ಬರುತ್ತಾರೆ. ಅಲ್ಲಿನ ಅತಿ ದೊಡ್ಡ ಸಭಾಂಗಣವಾದ ಹಾಲ್ ಎಚ್‌ನಲ್ಲಿರುವುದು ಸುಮಾರು 6,500 ಆಸನ. ಇಪ್ಪತ್ತು ಜನಕ್ಕೆ ಒಂದು ಕುರ್ಚಿ. ಹಾಗಾಗಿ ಮೊದಲ ಸಲಕ್ಕೆ ದೊಡ್ಡ ಹೆಸರಿನ ಸಮಾವೇಶ ಬೇಡ ಎಂಬುದೇ ನಮ್ಮ ಸಲಹೆ. ಅಭಿಮಾನಿಗಳೇ ಸ್ವಯಂಸೇವಕರಾಗಿ ನಡೆಸುವ, ನೂರಾರು ಜನ ಸೇರುವ ಸಣ್ಣ ಸಮಾವೇಶದಲ್ಲಿ ಲೇಖಕರನ್ನೂ ಚಿತ್ರಕಾರರನ್ನೂ ಪಕ್ಕದಲ್ಲೇ ನಿಂತು ಮಾತನಾಡಿಸಬಹುದು. ಸಿನಿಮಾ ತಾರೆಯರು ಬರುವುದಿಲ್ಲ, ಅಷ್ಟೇ.

ಟಿಕೆಟ್ ಕೊಳ್ಳುವಾಗಲೇ ಹಲವರು ಎಡವುತ್ತಾರೆ. ಪ್ರವೇಶದ ಟಿಕೆಟ್ ಕೊಂಡರೆ ತಾರೆಯರ ಹಸ್ತಾಕ್ಷರವಾಗಲಿ, ಅವರ ಜೊತೆಗಿನ ಫೋಟೊವಾಗಲಿ ಸಿಕ್ಕಂತಲ್ಲ. ಅವಕ್ಕೆ ಸಾಮಾನ್ಯವಾಗಿ ಬೇರೆ ಟಿಕೆಟ್, ಬೇರೆ ಸಮಯ. ಮುಂಗಡವಾಗಿ ಮಾರುವ ಕಡೆ ಅವು ಸಮಾವೇಶಕ್ಕೆ ಮೊದಲೇ ಮುಗಿದಿರುವುದೂ ಉಂಟು. ಒಳಗೆ ಬಿಡಲು ಕೊಡುವ ಗುರುತಾದ ಬ್ಯಾಡ್ಜ್ ಅಂಚೆಯಲ್ಲಿ ಬರುತ್ತದೋ, ಅಲ್ಲೇ ಪಡೆಯಬೇಕೋ ನೋಡಿಕೊಳ್ಳಿ. ಅಲ್ಲೇ ಕೊಡುವುದಾದರೆ ಹಿಂದಿನ ಸಂಜೆಯೇ ಕೌಂಟರ್ ತೆರೆಯುತ್ತಾರೆಯೇ ಎಂದು ವಿಚಾರಿಸಿ. ತೆರೆದರೆ ಮರುದಿನ ಬೆಳಗಿನ ಒಂದು ಸಾಲು ತಪ್ಪುತ್ತದೆ. ಟಿಕೆಟ್‌ನಲ್ಲಿರುವ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಲಿ. ಟಿಕೆಟ್, ನಕ್ಷೆ, ವೇಳಾಪಟ್ಟಿ ಮೂರರ ಸ್ಕ್ರೀನ್‌ಶಾಟ್ ಫೋನ್‌ನಲ್ಲಿ ಇರಬೇಕು. ಸಾವಿರಾರು ಫೋನ್‌ಗಳು ಒಂದೇ ಸೂರಿನಡಿ ಸೇರಿದರೆ ನೆಟ್‌ವರ್ಕ್ ಕೈಕೊಡುತ್ತದೆ, ಅದೂ ಸರಿಯಾಗಿ ಗೇಟಿನ ಮುಂದೆ.

ವೇಳಾಪಟ್ಟಿ ಕೈಗೆ ಬಂದಾಗ ಹೊಸಬರು ಗಂಟೆಗೊಂದರಂತೆ ಎಂಟು ಕಾರ್ಯಕ್ರಮ ಗುರುತು ಮಾಡಿಕೊಳ್ಳುತ್ತಾರೆ. ಅದು ಆಗದ ಕೆಲಸ. ದಿನಕ್ಕೆ ಬಿಡಲಾಗದ್ದು ಒಂದು, ಸಿಕ್ಕರೆ ಸರಿ ಎನ್ನುವಂಥವು ಎರಡು, ಅಷ್ಟು ಸಾಕು. ಒಂದು ಗೋಷ್ಠಿ ಮುಗಿದ ಮೇಲೆ ಸಭಾಂಗಣ ಖಾಲಿ ಮಾಡಿಸುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ತಪ್ಪದೇ ಕೇಳಿ. ಖಾಲಿ ಮಾಡಿಸದಿದ್ದರೆ ಮೂರು ಗಂಟೆಗೆ ಶುರುವಾಗುವ ಗೋಷ್ಠಿಗೆ ಬೇಕಾದವರು ಒಂದು ಗಂಟೆಗೇ ಒಳಗೆ ಹೋಗಿ ಕೂತಿರುತ್ತಾರೆ. ಹೊರಗೆ ನಿಂತವರ ಸಾಲು ಮುಂದೆ ಸರಿಯುವುದೇ ಇಲ್ಲ. ಅಂಥ ಕಡೆ ಬೇಕಾದ ಗೋಷ್ಠಿಗಿಂತ ಹಿಂದಿನದ್ದಕ್ಕೇ ಸಾಲು ಸೇರಬೇಕು. ಪ್ರಶ್ನೆ ಕೇಳಲು ಮೈಕ್ ಸಿಕ್ಕರೆ ಒಂದೇ ಪ್ರಶ್ನೆ, ಇಪ್ಪತ್ತು ಸೆಕೆಂಡಿನೊಳಗೆ. ಅತಿಥಿಯ ಮೇಲೆ ನಿಮಗೆಷ್ಟು ಪ್ರೀತಿ ಎಂಬ ಪೀಠಿಕೆ ಸಭೆಗೆ ಬೇಕಿಲ್ಲ.

ಇನ್ನು ಕಥೆಯ ಪಾತ್ರಗಳಂತೆ ವೇಷ ತೊಡುವ ವಿಷಯ, ಅಂದರೆ ಕಾಸ್‌ಪ್ಲೇ. ಕಾಸ್‌ಪ್ಲೇ ಕಡ್ಡಾಯವಲ್ಲ, ಬಂದವರಲ್ಲಿ ಹೆಚ್ಚಿನವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. ಇದು ಇತ್ತೀಚಿನ ಹುಡುಗರ ಹುಚ್ಚು ಎನ್ನುವವರಿಗೊಂದು ಮಾತು: 1939ರ ಆ ಮೊದಲ ವರ್ಲ್ಡ್‌ಕಾನ್‌ಗೇ ಅಭಿಮಾನಿಗಳಾದ ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಭವಿಷ್ಯಕಾಲದ ಉಡುಪಿನಲ್ಲಿ ಬಂದಿದ್ದರು, ಹೊಲಿದವರು ಡಗ್ಲಸ್. ವೇಷ ಹಾಕುವುದೇ ಆದರೆ ಮೊದಲು ಮನೆಯಲ್ಲಿ ಎರಡು ಮೂರು ಗಂಟೆ ತೊಟ್ಟು ನೋಡಿ. ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂರಿ, ಬಾಗಿಲಲ್ಲಿ ನೇರವಾಗಿ ದಾಟಿ, ಯಾರ ನೆರವೂ ಇಲ್ಲದೆ ಶೌಚಾಲಯಕ್ಕೆ ಹೋಗಿಬರಲು ಆಗುತ್ತದೆಯೇ ಪರೀಕ್ಷಿಸಿ. ರೆಕ್ಕೆ, ಅಗಲವಾದ ಭುಜಕವಚಗಳು ಬಾಗಿಲಲ್ಲೇ ಮುರಿಯುತ್ತವೆ. ಫೋಮ್ ಕವಚವನ್ನು ಹಾಟ್ ಗ್ಲೂನಿಂದ ಅಂಟಿಸಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಅಂಟು ಮೆತ್ತಗಾಗಿ ಕೀಲುಗಳು ಬಿಡುತ್ತವೆ. ಎಳೆತ ಬೀಳುವ ಜಾಗಗಳಿಗೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು ಒಳ್ಳೆಯದು: ಎರಡೂ ಬದಿಗೆ ತೆಳುವಾಗಿ ಹಚ್ಚಿ, ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ. ಒಮ್ಮೆ ಹಿಡಿದರೆ ಸರಿಸಲೂ ಆಗುವುದಿಲ್ಲ. ಗಾಳಿಯಾಡುವ ಕಡೆ ಕೂತು ಈ ಕೆಲಸ ಮಾಡಿ. ಚೀಲದಲ್ಲಿ ಸೇಫ್ಟಿ ಪಿನ್, ಸೂಜಿ ದಾರ, ಎರಡು ಬದಿ ಅಂಟುವ ಟೇಪ್, ಸೂಪರ್ ಗ್ಲೂ, ಒಂದು ಮೀಟರ್ ಎಲಾಸ್ಟಿಕ್ ಇದ್ದರೆ ಬಹುತೇಕ ಅನಾಹುತಗಳನ್ನು ಅಲ್ಲೇ ರಿಪೇರಿ ಮಾಡಬಹುದು.

ಶಿರಸ್ತ್ರಾಣ ಹಾಕಿದವರಿಗೆ ಪಕ್ಕ ಕಾಣದು, ಕಾಲಡಿಯಂತೂ ಕಾಣುವುದೇ ಇಲ್ಲ. ಜೊತೆಗೊಬ್ಬರು ಮಾಮೂಲಿ ಬಟ್ಟೆಯಲ್ಲಿ ಇರಲೇಬೇಕು. ದಪ್ಪ ಕವಚದೊಳಗೆ ಮೈ ಕಾಯುತ್ತದೆ. ಗಂಟೆಗೊಮ್ಮೆ ತಲೆಯದ್ದನ್ನು ತೆಗೆದು ನೀರು ಕುಡಿಯದಿದ್ದರೆ ತಲೆಸುತ್ತು ಬಂದು ಬೀಳುವುದು ಖಂಡಿತ ಎಂದೇ ತಿಳಿಯಿರಿ. ಕತ್ತಿ, ಬಂದೂಕುಗಳ ನಿಯಮವನ್ನು ಅವುಗಳನ್ನು ಮಾಡುವ ಮೊದಲೇ ಓದಿ, ಮಾಡಿದ ಮೇಲಲ್ಲ. ಹರಿತವಾದ ಲೋಹ, ಗುಂಡು ಹಾರಿಸಬಲ್ಲ ವಸ್ತು ಸಾಮಾನ್ಯವಾಗಿ ನಡೆಯದು. ಉಳಿದವನ್ನೂ ಹಲವು ಕಡೆ ಗೇಟಿನಲ್ಲಿ ಪರೀಕ್ಷಿಸಿ ಗುರುತಿನ ಪಟ್ಟಿ ಕಟ್ಟಿಯೇ ಒಳಗೆ ಬಿಡುತ್ತಾರೆ. ಟೋಕಿಯೊದಲ್ಲಿ ನಡೆಯುವ ಕಾಮಿಕ್ ಮೇಳವಾದ ಕೊಮಿಕೆಟ್‌ನಲ್ಲಿ ಮನೆಯಿಂದಲೇ ವೇಷ ತೊಟ್ಟು ಬರುವಂತಿಲ್ಲ, ಅಲ್ಲಿನ ಕೋಣೆಯಲ್ಲೇ ಬದಲಿಸಿಕೊಳ್ಳಬೇಕು. ಒಂದು ಕಡೆಯ ನಿಯಮ ಇನ್ನೊಂದು ಕಡೆ ಇರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ವೇಷ ಹಾಕಿದವರು ಪ್ರದರ್ಶನದ ಗೊಂಬೆಗಳಲ್ಲ. ಫೋಟೊಗೆ ಮೊದಲು ಕೇಳಿ, ಹೂಂ ಎಂದರೆ ದಾರಿಯಿಂದ ಪಕ್ಕಕ್ಕೆ ಕರೆದು ತೆಗೆಯಿರಿ, ಮೈಯನ್ನಾಗಲಿ ಉಡುಪನ್ನಾಗಲಿ ಮುಟ್ಟಬೇಡಿ. ಉಡುಪು ಹೇಗೇ ಇದ್ದರೂ ಅದು ಒಪ್ಪಿಗೆಯಲ್ಲ ಎಂದು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ದೊಡ್ಡ ಫಲಕಗಳನ್ನೇ ನಿಲ್ಲಿಸಬೇಕಾಯಿತು. ತೊಂದರೆ ಆದರೆ ಸ್ವಯಂಸೇವಕರ ಬಳಿ ತಕ್ಷಣ ಹೇಳಿ. ಮರುದಿನ ಹೇಳಿದರೆ ಆ ವ್ಯಕ್ತಿಯನ್ನು ಹುಡುಕುವುದು ಕಷ್ಟ.

ನಮ್ಮ ಮಟ್ಟಿಗೆ ಸಮಾವೇಶದ ಜೀವಾಳ ಎಂದರೆ ಚಿತ್ರಕಾರರು ತಮ್ಮ ಮೇಜುಗಳ ಹಿಂದೆ ಕೂರುವ ಆರ್ಟಿಸ್ಟ್ ಆಲಿ. ಹೊಸಬರು ಇದನ್ನು ಕೊನೆಗೆ ನೋಡೋಣ ಎಂದು ಬಿಡುತ್ತಾರೆ. ಚಿತ್ರ ಬರೆಸಿಕೊಳ್ಳಬೇಕಿದ್ದರೆ ಮೊದಲ ದಿನ ಬೆಳಿಗ್ಗೆಯೇ ಹೋಗಿ. ಒಬ್ಬರ ಕೈ ದಿನಕ್ಕೆ ಬರೆಯುವುದು ಇಂತಿಷ್ಟೇ, ಪಟ್ಟಿ ಬೇಗ ತುಂಬುತ್ತದೆ. ಕಾರ್ಡ್ ಯಂತ್ರವೂ ನೆಟ್‌ವರ್ಕನ್ನೇ ನಂಬಿರುವುದರಿಂದ ಚಿಲ್ಲರೆ ನೋಟುಗಳಿರಲಿ. ಪ್ರಿಂಟ್‌ಗಳಿಗೆ ಗಟ್ಟಿ ರಟ್ಟಿನ ಕೊಳವೆ ಒಯ್ಯಿರಿ, ಇಲ್ಲವಾದರೆ ಮನೆ ಸೇರುವಷ್ಟರಲ್ಲಿ ಮೂಲೆಗಳು ಮಡಚಿರುತ್ತವೆ. ಹಸ್ತಾಕ್ಷರ ಹಾಕಿಸುವಾಗ ನಿಮ್ಮ ಹೆಸರನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಪುಸ್ತಕಕ್ಕೆ ಸಿಕ್ಕಿಸಿ ಕೊಡಿ. ನುಣುಪು ಹಾಳೆಯಲ್ಲಿ ಶಾಯಿ ಒಣಗಲು ಹೊತ್ತು ಬೇಕು. ಕೂಡಲೇ ಮುಚ್ಚಿದರೆ ಎದುರು ಪುಟಕ್ಕೂ ಅಂಟುತ್ತದೆ. ಕಪ್ಪು ಮುಖಪುಟಕ್ಕೆ ಬೆಳ್ಳಿ ಬಣ್ಣದ ಪೇಂಟ್ ಪೆನ್ ನೀವೇ ಒಯ್ಯುವುದು ಲೇಸು.

ಹಳೆಯ ಅಭಿಮಾನಿಗಳಲ್ಲಿ 6-2-1 ಎಂಬ ಕಟ್ಟಳೆ ಇದೆ: ದಿನಕ್ಕೆ ಕನಿಷ್ಠ ಆರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ಮೂರನೆಯದು ತಮಾಷೆಗೆ ಸೇರಿಸಿದ್ದಲ್ಲ. ಗಿಜಿಗುಡುವ ಹಾಲ್‌ನಲ್ಲಿ ನಿದ್ದೆಗೆಟ್ಟು ಮೂರು ದಿನ ಓಡಾಡಿದವರಿಗೆ ಮನೆಗೆ ಮರಳಿದ ಮೇಲೆ ಶೀತ, ಕೆಮ್ಮು ಹಿಡಿಯುವುದು ಮಾಮೂಲು; ಕೈ ತೊಳೆಯುವುದು, ಸಾಲುಗಳಲ್ಲಿ ಮಾಸ್ಕ್ ಹಾಕುವುದು ಒಳ್ಳೆಯದು. ಪಳಗಿದ ಶೂ, ನೀರಿನ ಬಾಟಲಿ, 10,000 ಎಂಎಎಚ್‌ನ ಪವರ್ ಬ್ಯಾಂಕ್, ಮಾಮೂಲಿ ಮಾತ್ರೆಗಳು ಚೀಲದಲ್ಲಿರಲಿ. ಚೀಲದ ಗಾತ್ರಕ್ಕೆ ಮಿತಿ ಇದೆಯೇ, ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬುದನ್ನು ಮೊದಲೇ ತಿಳಿದಿರಿ.

ಮಕ್ಕಳನ್ನು ಕರೆತರುವವರು ಮಗುವಿನ ಮುಂಗೈಗೆ ತಮ್ಮ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿ, ಬೆಳಿಗ್ಗೆ ತೊಟ್ಟ ಬಟ್ಟೆಯಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಸೇರುವ ಜಾಗವಾಗಿ ಮುಖ್ಯ ದ್ವಾರವನ್ನು ಗುರುತಿಸಬೇಡಿ, ಅಲ್ಲಿ ಯಾರನ್ನೂ ನಿಲ್ಲಲು ಬಿಡುವುದಿಲ್ಲ. ಮಾಹಿತಿ ಕೌಂಟರ್ ಆದೀತು.

ಇಂತಿ,
ಸಮಾವೇಶಗಳಲ್ಲಿ ಸ್ವಯಂಸೇವಕರಾಗಿ ದುಡಿಯುವ ಕೆಲವು ಓದುಗರು