ಕಾಲಂ 12ರಲ್ಲಿ ಯಾರ ಹೆಸರಿದೆ? ಮಗಳಿಗೊಂದು ಪತ್ರ

ಚಿತ್ರದುರ್ಗ

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಟಿಪ್ಪಣಿ ಪೂರ್ತಿ ಓದಿದೆ. ರಾಜಕೀಯ ಅಧಿಕಾರ, ಸಾಮಾಜಿಕ ವರ್ಗ ಅಂತ ನಿಮ್ಮ ಮೇಡಂ ಕೊಟ್ಟ ಪಾಠಗಳಿಗೆ ನೀನು ಬರೆದ ಅನಿಸಿಕೆ ನನಗೆ ಹಿಡಿಸಿತು. ಕೋಪ ಇದೆ, ಪ್ರಶ್ನೆ ಇದೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ: 'ಎಲ್ಲ ಕಾಲದಲ್ಲೂ ಮೇಲಿನವರು ಆಳಿದರು, ಕೆಳಗಿನವರು ಸುಮ್ಮನೆ ಸಹಿಸಿಕೊಂಡರು.' ಆ ಸಾಲನ್ನು ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ವಾದ ಶುರುವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಬರೆದಿರೋ ಹಮ್ಮುರಾಬಿಯ ಕಾನೂನಿನಿಂದಲೇ ಶುರು ಮಾಡ್ತೀನಿ, ಪ್ರಾಚೀನ ಬ್ಯಾಬಿಲೋನಿನ ಆ ರಾಜ ಕಲ್ಲಿನ ಮೇಲೆ ಕೆತ್ತಿಸಿದ್ದು. ಗಣ್ಯನೊಬ್ಬ ಇನ್ನೊಬ್ಬ ಗಣ್ಯನ ಕಣ್ಣು ತೆಗೆದರೆ ಅವನ ಕಣ್ಣೂ ಹೋಗಬೇಕು. ಸಾಮಾನ್ಯನ ಕಣ್ಣಾದರೆ ಒಂದು ಮಿನಾ (ಆಗಿನ ಒಂದು ತೂಕ) ಬೆಳ್ಳಿ ಕೊಟ್ಟರೆ ಮುಗಿಯಿತು. ಗುಲಾಮನ ಕಣ್ಣಿಗೆ ಅವನ ಬೆಲೆಯ ಅರ್ಧ. ಅದೇ ಕಲ್ಲಿನ ಶುರುವಿನಲ್ಲಿ, ಬಲವಂತರು ದುರ್ಬಲರನ್ನು ಪೀಡಿಸದಿರಲಿ ಅಂತಲೇ ಈ ಕಾನೂನು ಅಂತಲೂ ಇದೆ. ನೀನು ಅದನ್ನು ಬೂಟಾಟಿಕೆ ಅಂದಿದ್ದೀಯ. ಇರಬಹುದು. ಆದರೆ ಅಷ್ಟು ದೊಡ್ಡ ರಾಜನಿಗೆ ಅಂಥ ಮಾತನ್ನು ಕಲ್ಲಿನ ಮೇಲೆ ಕೆತ್ತಿಸಬೇಕು ಅನಿಸಿದ್ದು ಯಾಕೆ? ಯಾರೋ ಕೇಳುತ್ತಿದ್ದರು, ಯಾರೋ ಗೊಣಗುತ್ತಿದ್ದರು ಅಂತ ನನಗೆ ಅನಿಸುತ್ತದೆ. ಇನ್ನು ರೋಮ್ ವಿಚಾರ. ಕ್ರಿ.ಪೂ. 494ರಲ್ಲಿ ಸಾಲದ ಕಾಟ ತಾಳಲಾರದೆ ಪ್ಲೆಬಿಯನ್ನರು, ಅಂದರೆ ಅಲ್ಲಿನ ಸಾಮಾನ್ಯ ಜನ, ಊರು ಬಿಟ್ಟು ಗುಡ್ಡ ಹತ್ತಿ ಕೂತರು, ತಮ್ಮ ಪರ ನಿಲ್ಲೋ ತಮ್ಮದೇ ಅಧಿಕಾರಿಗಳಾದ ಟ್ರಿಬ್ಯೂನರನ್ನು ಪಡೆದುಕೊಂಡೇ ಇಳಿದರು ಅಂತ ರೋಮಿನವರೇ ಹೇಳಿಕೊಂಡು ಬಂದಿದ್ದಾರೆ. ಅದನ್ನು ನೀನೇ ಬರೆದು, ಮುಂದಿನ ಪುಟದಲ್ಲೇ 'ಸುಮ್ಮನೆ ಸಹಿಸಿಕೊಂಡರು' ಅಂದರೆ ಹೇಗೆ?

ನಾನು ಓದಿದ್ದು ಬರೀ ಬಿ.ಎ. ಆದರೆ ಗ್ರಾಮ ಲೆಕ್ಕಿಗಳಾಗಿ ಇಷ್ಟು ವರ್ಷ ಪಹಣಿ, ಅಂದರೆ ಜಮೀನಿನ ದಾಖಲೆ, ನೋಡಿದ್ದೇನೆ. ಅಧಿಕಾರ ಅಂದರೆ ಏನು ಅಂತ ನನಗೆ ಕಲಿಸಿದ್ದು ಆ ಹಾಳೆ. ಕಾಲಂ 9ರಲ್ಲಿ ಕಬ್ಜೆದಾರರ ಹೆಸರು, ಅಂದರೆ ಜಮೀನು ಯಾರದು ಅಂತ. ಕಾಲಂ 12ರಲ್ಲಿ ಸಾಗುವಳಿ ಮಾಡುವವರ ಹೆಸರು. ಯಾರು ಉತ್ತರು, ಯಾರು ಕಳೆ ತೆಗೆದರು ಅನ್ನೋದು ಅಲ್ಲಿ ಬರಬೇಕು. ಬರಬೇಕು ಅಷ್ಟೆ. ಬಂದೇ ಬರುತ್ತದೆ ಅಂತಿಲ್ಲ.

ನಿನ್ನ ಅಜ್ಜನ ಕತೆ ಪೂರ್ತಿ ನಿನಗೆ ಗೊತ್ತಿಲ್ಲ. ಚಳ್ಳಕೆರೆ ಸೀಮೆಯ ಆ ಹೊಲವನ್ನು ಅಜ್ಜ ಕೋರಿಗೆ, ಅಂದರೆ ಪಾಲಿಗೆ, ಮಾಡುತ್ತಿದ್ದರು. ಬಿತ್ತನೆ, ಗೊಬ್ಬರ, ದುಡಿಮೆ ಎಲ್ಲ ನಮ್ಮದು. ಬೆಳೆದ ಶೇಂಗಾ, ಸಜ್ಜೆಯಲ್ಲಿ ಅರ್ಧ ಒಡೆಯರದು. ಅದನ್ನು ಅವರ ಮನೆಗೆ ಹೊತ್ತು ಹಾಕುವ ಕೆಲಸವೂ ನಮ್ಮದೇ. ಅಜ್ಜ ಆ ಹೊಲ ಮಾಡಿದ ಅಷ್ಟೂ ವರ್ಷ ಪಹಣಿಯ ಕಾಲಂ 12ರಲ್ಲಿ ಇದ್ದದ್ದು ಒಂದೇ ಪದ: 'ಸ್ವಂತ'. ಅಂದರೆ ಒಡೆಯರೇ ಉಳುತ್ತಿದ್ದಾರೆ ಅಂತ. ಒಡೆಯರು ಒಂದು ದಿನವೂ ನೇಗಿಲು ಹಿಡಿದವರಲ್ಲ. ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಗಿತ್ತು, ನಿಜ. ಆದರೆ ಲೆಕ್ಕ ಬರೆಯುವವರು ಉಳಿದುಕೊಳ್ಳುತ್ತಿದ್ದದ್ದು, ಊಟ ಮಾಡುತ್ತಿದ್ದದ್ದು ಇನ್ನೂ ದೊಡ್ಡಮನೆಯಲ್ಲೇ. ನನ್ನ ಹೆಸರು ಬರೀರಿ ಸ್ವಾಮಿ ಅಂತ ಅಜ್ಜ ಕೇಳಿದರೆ, ಮುಂದಿನ ವರ್ಷ ಬಿತ್ತೋಕೆ ಹೊಲವೇ ಇರುತ್ತಿರಲಿಲ್ಲ.

ನೋಡು, ನೂರು ವರ್ಷ ಬಿಟ್ಟು ನಿನ್ನಂಥ ವಿದ್ಯಾರ್ಥಿನಿ ಆ ಪಹಣಿ ತೆಗೆದು ಓದಿದರೆ ಏನು ಬರೆಯುತ್ತಾಳೆ? ಈ ಊರಲ್ಲಿ ಗೇಣಿದಾರರೇ ಇರಲಿಲ್ಲ ಅಂತ. ದಾಖಲೆ ಹಾಗೇ ಹೇಳುತ್ತದಲ್ವಾ?

1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದರೆ ಅಧಿಭೋಗದ ಹಕ್ಕು, ಅಂದರೆ ಆ ಜಮೀನು ತಮ್ಮದಾಗೋ ಹಕ್ಕು, ಸಿಗುತ್ತಿತ್ತು. ಗಡುವು ಮುಂದಕ್ಕೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಈ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂನ್ಯಾಯ ಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ಈ ಒಂದು ಸಾಲನ್ನು ದಯವಿಟ್ಟು ನಿನ್ನ ಟಿಪ್ಪಣಿಗೆ ಸೇರಿಸು. ತೀರ್ಪು ಕೊಡುವ ಮೇಜಿನ ಆ ಕಡೆ ಯಾರು ಕೂರಬೇಕು ಅಂತ ಕಾನೂನೇ ಹೇಳಿದ್ದು ಸಣ್ಣ ವಿಷಯ ಅಲ್ಲ.

ಅಜ್ಜ ಅರ್ಜಿ ಹಾಕಿದರು. ಪಹಣಿ ಅವರ ಕೈ ಬಿಟ್ಟಿತು, ಅದರಲ್ಲಿ 'ಸ್ವಂತ' ಅಂತಲೇ ಇತ್ತಲ್ಲ. ಆಮೇಲೆ ಸ್ಥಳ ತನಿಖೆ ಆಯಿತು. ಅಕ್ಕಪಕ್ಕದ ಹೊಲದವರನ್ನು ಕರೆದು ಕೇಳಿದರು. ಬದುವಿಗೆ ಕಲ್ಲು ಇಟ್ಟವರು ಯಾರು, ಕಣ ಮಾಡುತ್ತಿದ್ದವರು ಯಾರು, ಯಾವ ವರ್ಷ ಯಾವ ಬೆಳೆ. ಒಬ್ಬೊಬ್ಬರೂ ಎದ್ದು ಅಜ್ಜನ ಹೆಸರು ಹೇಳಿದರು. ಒಡೆಯರು ಅಲ್ಲೇ ನಿಂತಿದ್ದರು. ನಾಳೆ ಕೂಲಿಗೆ, ಸಾಲಕ್ಕೆ ಅವರ ಮನೆ ಬಾಗಿಲಿಗೇ ಹೋಗಬೇಕಾದ ಜನ ಅವರ ಮುಂದೆಯೇ ಹಾಗೆ ಹೇಳಿದ್ದು. ಆ ಸಾಕ್ಷಿಯ ಮೇಲೇ ನಮ್ಮ ಹೊಲ ನಮ್ಮದಾಯಿತು. ಇಂಥವರನ್ನು ಸುಮ್ಮನಿದ್ದವರು ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪುವುದಿಲ್ಲ ಪುಟ್ಟಿ.

ಇದು ನಮ್ಮ ಮನೆಯ ಕತೆ ಆಯಿತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಒಂದು ದಾಖಲೆ ನಮ್ಮ ಜಿಲ್ಲೆಯಲ್ಲೇ ಇದೆ, ಮೊಳಕಾಲ್ಮೂರು ತಾಲ್ಲೂಕಿನಲ್ಲಿ. ಅಲ್ಲಿ ಕೆಲಸದಲ್ಲಿದ್ದಾಗ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬಿಡುವಾದಾಗೆಲ್ಲ ನೋಡುತ್ತಿದ್ದೆ. ಊರವರು ಆ ಬಂಡೆಗೆ ಅಕ್ಷರಗುಂಡು ಅಂತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದೇ ಶಾಸನ ಇದೆ. ಅದರ ಶುರು ಓದಿದರೆ ನನ್ನಂಥ ಕಂದಾಯ ಇಲಾಖೆಯವಳಿಗೆ ತಕ್ಷಣ ಗೊತ್ತಾಗುತ್ತದೆ, ಅದು ಥೇಟ್ ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯ ಹಾಗೆ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಅನ್ನೋ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ರಾಜನ ಮಾತು ಹೀಗಿದೆ ಅನ್ನುತ್ತಾರೆ. ಮಾತು ಏನು ಅಂದರೆ, ಸ್ವರ್ಗ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಅವರಿಗೂ ಸಿಗುತ್ತದೆ. ದೊಡ್ಡವರು, ಸಣ್ಣವರು ಅಂತ ಎರಡು ಗುಂಪು ಇದ್ದದ್ದನ್ನು ರಾಜನೇ ಒಪ್ಪಿಕೊಂಡಿದ್ದಾನೆ ನೋಡು. ಇಬ್ಬರಿಗೂ ಒಂದೇ ದಾರಿ ಅಂತಲೂ ಹೇಳಿದ್ದಾನೆ. ಆದರೆ ಕೊಡ್ತೀನಿ ಅಂದದ್ದು ಸ್ವರ್ಗ. ಹೊಲ, ನೀರು, ಕಂದಾಯ ಯಾವುದರ ಮಾತೂ ಅಲ್ಲಿಲ್ಲ.

ನನಗೆ ಜಾಸ್ತಿ ಇಷ್ಟವಾಗೋದು ಆ ಶಾಸನದ ಕೊನೆ. 'ಚಪಡ ಬರೆದದ್ದು' ಅಂತ ಇದೆ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದೆ. ಚಪಡ ಮಾತ್ರ ತನ್ನ ಹೆಸರಿನ ಮುಂದಿನ 'ಲಿಪಿಕಾರ' ಅನ್ನೋ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಸೀಮೆಯ ಲಿಪಿ, ಬಲದಿಂದ ಎಡಕ್ಕೆ ಸಾಗುವಂಥದ್ದು. ಇನ್ನೊಂದು ವಿಷಯ ಗಮನಿಸು. ಚಕ್ರವರ್ತಿಯ ಸ್ವಂತ ಹೆಸರು ಆ ಬಂಡೆಯ ಮೇಲೆ ಇಲ್ಲ, 'ದೇವಾನಾಂಪ್ರಿಯ' ಅನ್ನೋ ಬಿರುದು ಮಾತ್ರ ಇದೆ. ಬರೆದವನ ಹೆಸರು ಉಳಿದಿದೆ. ಬರೆಯೋ ಕೈಗೆ ಎಷ್ಟು ಶಕ್ತಿ ಇತ್ತು ಅಂತ ಅಲ್ಲಿ ನಿಂತಾಗಲೆಲ್ಲ ಅನಿಸುತ್ತಿತ್ತು. ಅದೇ ಗುಡ್ಡದ ಬುಡದಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ನುಣುಪಾದ ಕಲ್ಲಿನ ಕೊಡಲಿ, ಮಡಕೆ, ಕಬ್ಬಿಣದ ಸಾಮಾನು, ದೊಡ್ಡ ಕಲ್ಲಿನ ಸಮಾಧಿಗಳು ಸಿಕ್ಕವು. ಆ ನೆಲದಲ್ಲಿ ಬದುಕಿದ ಜನ ಅವರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ.

ಅಧಿಕಾರದಲ್ಲಿ ಇದ್ದವರೆಲ್ಲ ಮೇಲ್ಜಾತಿಯವರು ಅಂತಲೂ ಬರೆದಿದ್ದೀಯ. ದುರ್ಗದಲ್ಲಿ ಹುಟ್ಟಿದವಳು ನೀನು, ಹೀಗೆ ಬರೆಯಬಾರದಿತ್ತು. ಈ ಏಳು ಸುತ್ತಿನ ಕೋಟೆಯಿಂದ ಆಳಿದ ನಾಯಕರು ಬೇಡ ಸಮುದಾಯದವರು. 1779ರಲ್ಲಿ ಹೈದರಾಲಿ ಮದಕರಿಯಿಂದ ಕೋಟೆ ಕಸಿದುಕೊಳ್ಳುವವರೆಗೂ ಅವರದೇ ಆಳ್ವಿಕೆ. ಹಾಗಂತ ಕೋಟೆಯೊಳಗೆ ಎಲ್ಲರೂ ಸಮ ಆಗಿಬಿಟ್ಟರಾ? ಇಲ್ಲ. ಓಬವ್ವ ಕಾವಲುಗಾರನ ಹೆಂಡತಿ, ಛಲವಾದಿ ಹೆಣ್ಣುಮಗಳು. ಅವಳನ್ನು ಉಳಿಸಿಕೊಂಡಿದ್ದು ಜನರ ಬಾಯಿ. ಜಾತಿ ಬೇರೆ, ವರ್ಗ ಬೇರೆ, ಅಧಿಕಾರ ಬೇರೆ. ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಆದರೆ ಮೂರೂ ಒಂದೇ ಅಲ್ಲ. ಇದನ್ನು ಬಿಡಿಸಿ ಬರೆದರೆ ನಿನ್ನ ಟಿಪ್ಪಣಿ ಗಟ್ಟಿಯಾಗುತ್ತದೆ.

ನಗರ ಸೀಮೆಯ (ಶಿವಮೊಗ್ಗ ಕಡೆಯ, ಹಿಂದಿನ ಬಿದನೂರು) ರೈತರ ದಂಗೆಯನ್ನೂ ಓದು. 1830ರಲ್ಲಿ ಅಲ್ಲಿನ ರೈತರು ಕಂದಾಯ ಕಟ್ಟುವುದಿಲ್ಲ ಅಂತ ಕೂಟ ಸೇರಿದರು. ಇಷ್ಟು ವಸೂಲಿ ಮಾಡಿಯೇ ಕೊಡ್ತೀನಿ ಅಂತ ಅಮಲ್ದಾರರಿಂದ (ತಾಲ್ಲೂಕಿನ ಕಂದಾಯ ಅಧಿಕಾರಿಗಳಿಂದ) ಬರೆಸಿಕೊಳ್ಳುತ್ತಿದ್ದ ಶರತ್ತಿನ ಪದ್ಧತಿ ಅವರ ಬೆನ್ನು ಮುರಿದಿತ್ತು. ಆ ದಂಗೆಯನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡರು. ಅದು ವಾಪಸ್ ಅರಮನೆಗೆ ಬಂದದ್ದು 1881ಕ್ಕೆ. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಮೊದಲ ಸಭೆಗೆ ಬಂದ 144 ಜನ ಭೂಮಾಲೀಕರು ಮತ್ತು ವ್ಯಾಪಾರಿಗಳು. ದಂಗೆ ಎದ್ದವರ ಮೊಮ್ಮಕ್ಕಳಲ್ಲಿ ಜಮೀನು ಇಲ್ಲದವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

1974ರ ಕಾನೂನಿನ ಬಗ್ಗೆಯೂ ಪೂರ್ತಿ ಸತ್ಯ ಹೇಳಬೇಕು. ಫಾರಂ 7 ಹಾಕೋಕೆ ಗೇಣಿದಾರನಾದರೂ ಆಗಿರಬೇಕಿತ್ತು. ಕೂಲಿ ಮಾಡುವವರು, ಜೀತಕ್ಕಿದ್ದವರು ಏನಂತ ಅರ್ಜಿ ಹಾಕಬೇಕು? ಅವರಲ್ಲಿ ದಲಿತರೇ ಹೆಚ್ಚು. ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದವರಿಗೆ ನಮ್ಮ ಗೆಲುವಿನಿಂದ ಒಂದು ಗುಂಟೆಯೂ ಸಿಗಲಿಲ್ಲ. ಸಾಕ್ಷಿ ಹೇಳಿದವರಲ್ಲಿ ಅವರೂ ಇದ್ದರು. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಮುಂದೆ ಹರಿಹರದಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಅವರಂಥವರು ದಲಿತ ಸಂಘರ್ಷ ಸಮಿತಿ ಕಟ್ಟಿ ಭೂಮಿ ಕೇಳಿದ್ದು ಯಾಕೆ ಅಂತ ಇಲ್ಲಿಂದ ನೋಡಿದರೆ ಅರ್ಥವಾಗುತ್ತದೆ.

ಇನ್ನು ಅಜ್ಜಿ. ಅಜ್ಜನ ಜೊತೆ ಅಷ್ಟೇ ದುಡಿದವಳು. ಶೇಂಗಾ ಕಿತ್ತವಳು, ಸಜ್ಜೆ ತೆನೆ ಕೊಯ್ದವಳು, ಒಡೆಯರ ಮನೆಗೆ ಪಾಲು ಹೊತ್ತವಳೂ ಅವಳೇ. ಮೊದಲು ಪಹಣಿಯಲ್ಲಿ 'ಸ್ವಂತ' ಇತ್ತು, ಆಮೇಲೆ ಅಜ್ಜನ ಹೆಸರು ಬಂತು. ಅಜ್ಜಿಯ ಹೆಸರು ಕಾಲಂ 9ರಲ್ಲೂ ಬರಲಿಲ್ಲ, 12ರಲ್ಲೂ ಬರಲಿಲ್ಲ. ಅಜ್ಜ ಹೋದ ಮೇಲೂ ಖಾತೆ ಅವರ ಹೆಸರಲ್ಲೇ ಇದೆ. ಈಗ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಅರ್ಜಿ ತಯಾರು ಮಾಡಿದ್ದೇನೆ. ವಂಶವೃಕ್ಷದಲ್ಲಿ ಮೊದಲು ಅಜ್ಜಿ, ಆಮೇಲೆ ನಿನ್ನ ಇಬ್ಬರು ಮಾವಂದಿರು, ನಾನು. ದೊಡ್ಡ ಮಾವ ಹೆಣ್ಣುಮಕ್ಕಳ ಹೆಸರು ಯಾಕೆ ಅಂತ ಮೊದಲು ಮುಖ ತಿರುಗಿಸಿದ. ಅಜ್ಜಿಯೇ ಅವನನ್ನು ಕೂರಿಸಿಕೊಂಡು ಮಾತಾಡಿದಳು. ಸಹಿ ಹಾಕಿದ್ದಾನೆ.

ನಿನ್ನ ಎರಡನೇ ಟಿಪ್ಪಣಿಗೆ ಇನ್ನೂ ಸಮಯ ಇದೆಯಲ್ಲ? ದೀಪಾವಳಿಗೆ ಬಂದಾಗ ಅಜ್ಜಿಯ ಹತ್ತಿರ ಕೂತು ರೆಕಾರ್ಡ್ ಮಾಡಿಕೋ. ಮಂಡಳಿಯ ಮುಂದೆ ಯಾರು ಯಾರು ಏನೇನು ಹೇಳಿದರು ಅಂತ ಅವಳಿಗೆ ಹೆಸರು ಸಮೇತ ನೆನಪಿದೆ. ಕೂಲಿಗೆ ಬರುತ್ತಿದ್ದವರ ಮನೆಗೂ ಹೋಗೋಣ, ಅವರ ಮಾತೂ ಬೇಕು. ಹಳೇ ಪಹಣಿ, ಮಂಡಳಿಯ ಆದೇಶದ ಪ್ರತಿ ಎರಡೂ ಬೀರುವಿನಲ್ಲಿ ಇಟ್ಟಿದ್ದೇನೆ. ಒಂದು ದಿನ ಬಿಡುವು ಮಾಡಿಕೊಂಡರೆ ಬ್ರಹ್ಮಗಿರಿಗೂ ಹೋಗಿಬರಬಹುದು. ಟಿಕೆಟ್ ಬೇಗ ಬುಕ್ ಮಾಡು, ಹಬ್ಬದ ಬಸ್ಸುಗಳು ತುಂಬಿಹೋಗುತ್ತವೆ.

ನಿನ್ನ
ಅಮ್ಮ