ಮಿಸ್ ಕೇಳಿದ್ದಕ್ಕೆ ಅಮಾನತು: ನಿಮ್ಮ ‘ಅಪ್ಪಟ ನೈಜ’ ಸ್ನೂಕರ್ ಆಟದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ‘ಫೌಲ್ ಅಂಡ್ ಎ ಮಿಸ್’ (ಎದುರಾಳಿ ಹೊಡೆಯಬೇಕಾದ ಚೆಂಡಿಗೆ ತಾಗಿಸದೆ ತಪ್ಪಿದ್ದು) ಆದಾಗ ಚೆಂಡುಗಳನ್ನು ವಾಪಸ್ ಇಡಿಸಿದ್ದಕ್ಕೆ ನನ್ನ ಖಾತೆಯನ್ನು ರ‍್ಯಾಂಕಿಂಗ್ ಪಂದ್ಯಗಳಿಂದ ಅಮಾನತು ಮಾಡಿರುವುದು, ಮತ್ತು ಅದಕ್ಕೆ ನಿಮ್ಮವರು ಕೊಟ್ಟ ‘ಪರಿಹಾರ’

ಮಾನ್ಯರೇ,

ಈ ಪತ್ರಕ್ಕೆ ಮೊದಲು ಫೋನ್ ಮಾಡಿದ್ದೇನೆ. ಚಾಟ್‌ನಲ್ಲಿ ಬರೆದಿದ್ದೇನೆ. ನಿಮ್ಮ ಸ್ನೂಕರ್ ವಿಡಿಯೋ ಗೇಮಿನೊಳಗಿನ ‘ಸಹಾಯ ಬೇಕೇ?’ ಬಟನ್ ಕೂಡ ಒತ್ತಿದ್ದೇನೆ. ಎಲ್ಲ ಕಡೆಯೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ನಿನ್ನೆ ನಿಮ್ಮಿಂದ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಅಂತ ಮೇಲ್ ಬಂತು. ಅದನ್ನು ಓದಿದ ಮೇಲೆ ಇನ್ನು ಫೋನ್ ಮಾಡಿ ಪ್ರಯೋಜನ ಇಲ್ಲ ಅನ್ನಿಸಿತು. ಸಂಯಮದಿಂದ ಬರೆಯಬೇಕು ಅಂದುಕೊಂಡು ಕೂತಿದ್ದೇನೆ. ನೋಡೋಣ.

ನಡೆದದ್ದು ಇದು. ರ‍್ಯಾಂಕಿಂಗ್ ಪಂದ್ಯ, ಕೊನೆಯ ಫ್ರೇಮ್, ಅಂದರೆ ಕೊನೆಯ ಸುತ್ತು. ಎದುರಾಳಿಗೆ 41, ನನಗೆ 38. ಮೇಜಿನ ಮೇಲೆ ಎರಡು ರೆಡ್, ಆರೂ ಬಣ್ಣದ ಚೆಂಡು. ಅಂದರೆ ಹೆಚ್ಚೆಂದರೆ 43 ಅಂಕ ಬಾಕಿ. ಫ್ರೇಮ್ ಯಾರ ಕೈಗಾದರೂ ಹೋಗಬಹುದು. ಎರಡೂ ರೆಡ್ ಬ್ಲ್ಯಾಕ್ ಹಿಂದಿನ ಕುಶನ್‌ಗೆ ಅಂಟಿಕೊಂಡಿದ್ದವು. ಪಾಟ್ ಮಾಡುವ, ಅಂದರೆ ಪಾಕೆಟ್‌ಗೆ ಬೀಳಿಸುವ, ದಾರಿಯೇ ಇರಲಿಲ್ಲ. ನಾನು ಒಂದು ರೆಡ್‌ಗೆ ತೆಳ್ಳಗೆ ತಾಗಿಸಿ, ಬಿಳಿ ಚೆಂಡನ್ನು ಪೂರ್ತಿ ಬಾಲ್ಕ್‌ಗೆ, ಅಂದರೆ ಮೇಜಿನ ಇನ್ನೊಂದು ತುದಿಗೆ, ಇಳಿಸಿ, ಬ್ರೌನ್ ಹಿಂದೆ ಅಡಗಿಸಿದೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಒಳ್ಳೆಯ ‘ಸ್ನೂಕರ್’ ಅದು, ಅಂದರೆ ಬಿಳಿ ಚೆಂಡಿನಿಂದ ರೆಡ್‌ಗೆ ನೇರ ದಾರಿಯೇ ಇಲ್ಲ.

ಎದುರಾಳಿ ಕುಶನ್‌ಗೆ ಹೊಡೆದು ತಿರುಗಿಸಲು ನೋಡಿದ. ಯಾವುದಕ್ಕೂ ತಾಗಲಿಲ್ಲ. ಫೌಲ್, ನನಗೆ 4. ನಿಮ್ಮದೇ ರೆಫರಿ ನಿಮ್ಮದೇ ದನಿಯಲ್ಲಿ ‘ಫೌಲ್ ಅಂಡ್ ಎ ಮಿಸ್’ ಅಂದ. ತೆರೆಯ ಮೇಲೆ ಮೂರು ಬಟನ್ ಬಂದವು. ನಾನು ಆಡುವುದು ಒಂದು. ಚೆಂಡು ಎಲ್ಲಿದೆಯೋ ಅಲ್ಲಿಂದಲೇ ಅವನು ಮತ್ತೆ ಆಡುವುದು ಇನ್ನೊಂದು. ಮೂರನೆಯದು, ಚೆಂಡುಗಳನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಅವನಿಂದ ಮತ್ತೆ ಆಡಿಸುವುದು. ನಾನು ಮೂರನೆಯದನ್ನು ಒತ್ತಿದೆ. ಅವನು ಮತ್ತೆ ತಪ್ಪಿದ, ಈ ಸಲ ಪಿಂಕ್‌ಗೆ ಹೊಡೆದ. ನನಗೆ 6. ಮತ್ತೆ ಇಡಿಸಿದೆ. ಹೀಗೇ ನಡೆದು ನನ್ನ ಸ್ಕೋರ್ 60ಕ್ಕೆ ಬಂತು.

ಆಗ ತೆರೆ ಕೆಂಪಾಯಿತು. ‘ನಿಮ್ಮ ನಡವಳಿಕೆ ಕ್ರೀಡಾ ಮನೋಭಾವಕ್ಕೆ ತಕ್ಕದ್ದಲ್ಲ. ನೀವು ಬೇಕೆಂದೇ ಆಟವನ್ನು ಎಳೆಯುತ್ತಿದ್ದೀರಿ.’ ಫ್ರೇಮ್ ಎದುರಾಳಿಗೆ. ಪಂದ್ಯವೂ ಎದುರಾಳಿಗೆ. ನನ್ನ ರ‍್ಯಾಂಕಿಂಗ್ ಅಂಕ ಕಡಿತ. ಖಾತೆ ಅಮಾನತು.

ಆ ಬಟನ್ ಇಟ್ಟಿದ್ದು ನೀವು ಸ್ವಾಮಿ. ಬಾಗಿಲು ತೆರೆದಿಟ್ಟು, ಒಳಗೆ ಬಂದವನನ್ನು ಕಳ್ಳ ಅಂದ ಹಾಗಾಯಿತು.

ಮಿಸ್ ನಿಯಮ ಯಾಕಿದೆ ಅಂತ ಸ್ನೂಕರ್ ಆಟ ಮಾಡಿ ಮಾರುವ ಕಂಪನಿಗೆ ನಾನು ಹೇಳಬೇಕಾಗಿಲ್ಲ. ಅದು ಇಲ್ಲದಿದ್ದರೆ ಸ್ನೂಕರ್‌ನಲ್ಲಿ ಸಿಕ್ಕಿಬಿದ್ದವನು ಸುಮ್ನೆ ಬಿಳಿ ಚೆಂಡನ್ನು ಸುರಕ್ಷಿತ ಜಾಗಕ್ಕೆ ಉರುಳಿಸಿ, ನಾಲ್ಕು ಅಂಕ ಕೊಟ್ಟು, ಕೈ ತೊಳೆದುಕೊಳ್ಳುತ್ತಾನೆ. ಒಳ್ಳೆಯ ಸೇಫ್ಟಿಗೆ, ಅಂದರೆ ಎದುರಾಳಿಗೆ ಅವಕಾಶ ಕೊಡದ ಹೊಡೆತಕ್ಕೆ, ಬೆಲೆಯೇ ಇರುವುದಿಲ್ಲ. ಹಾಗಂತ ಅದಕ್ಕೆ ಮಿತಿ ಇಲ್ಲ ಅಂತಲೂ ಅಲ್ಲ. ಸ್ಕೋರಿನ ಅಂತರ ಬಾಕಿ ಅಂಕಕ್ಕಿಂತ ಜಾಸ್ತಿಯಾಗಿ, ಒಬ್ಬನಿಗೆ ಗೆಲ್ಲಲು ಸ್ನೂಕರ್, ಅಂದರೆ ಎದುರಾಳಿಯ ಫೌಲಿನ ಅಂಕ, ಬೇಕು ಅನ್ನುವ ಸ್ಥಿತಿ ಬಂದರೆ ಮಿಸ್ ಕರೆಯುವ ಹಾಗಿಲ್ಲ. ನಾನು ಆಗ ಮುಂದಿದ್ದದ್ದು 19 ಅಂಕ. ಬಾಕಿ ಇದ್ದದ್ದು 43. ಇನ್ನೊಂದು ಇದೆ: ಗುರಿಯ ಚೆಂಡು ನೇರವಾಗಿ, ಪೂರ್ತಿ ಕಾಣುತ್ತಿದ್ದರೂ ಸತತ ಮೂರು ಸಲ ತಪ್ಪಿದರೆ ಫ್ರೇಮ್ ಕಳೆದುಕೊಳ್ಳಬೇಕು. ಕಳೆದುಕೊಳ್ಳುವವನು ತಪ್ಪಿದವನು. ವಾಪಸ್ ಇಡಿಸಿದವನಲ್ಲ. ಇದೆಲ್ಲ ನಿಮ್ಮ ಆಟದ ಮೆನುವಿನಲ್ಲಿ ‘ನಿಯಮಗಳು’ ಅನ್ನುವ ಪುಟದಲ್ಲೇ ಇದೆ. ಓದಿ ನೋಡಿ, ಚೆನ್ನಾಗಿ ಬರೆದಿದ್ದೀರಿ.

ಇನ್ನು ಆಟ ಎಳೆಯುವ ವಿಷಯ. ರಾನಿ ಓಸಲಿವನ್ 1997ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 5 ನಿಮಿಷ 8 ಸೆಕೆಂಡಿನಲ್ಲಿ, ಒಂದೇ ಸರದಿಯಲ್ಲಿ ಮೇಜು ಖಾಲಿ ಮಾಡಿ, 147 ಹೊಡೆದರು. ಸಂತೋಷ. ಆದರೆ 1985ರ ಫೈನಲ್‌ನಲ್ಲಿ ಡೆನಿಸ್ ಟೇಲರ್ ಮತ್ತು ಸ್ಟೀವ್ ಡೇವಿಸ್ ಕೊನೆಯ ಫ್ರೇಮ್ ಒಂದನ್ನೇ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಆಡಿದರು. ಕೊನೆಯ ಬ್ಲ್ಯಾಕ್‌ವರೆಗೂ ಹೋಯಿತು. ಜನ ಇವತ್ತಿಗೂ ಮಾತಾಡುವುದು ಆ ಫ್ರೇಮಿನ ಬಗ್ಗೆ. ನಿಮ್ಮ ವ್ಯವಸ್ಥೆ ಅಲ್ಲಿದ್ದಿದ್ದರೆ ಅರ್ಧದಲ್ಲೇ ಇಬ್ಬರನ್ನೂ ಅಮಾನತು ಮಾಡಿ ಕಪ್ ಅನ್ನು ರೆಫರಿ ಕೈಗೆ ಕೊಡುತ್ತಿತ್ತೋ ಏನೋ.

ಈಗ ಆ ಫೋನ್ ಕರೆ. ಇದನ್ನು ಪೂರ್ತಿ ಬರೆಯದೆ ನನಗೆ ಸಮಾಧಾನ ಇಲ್ಲ.

ಮೊದಲು ನನ್ನನ್ನು ಹೋಲ್ಡ್‌ನಲ್ಲಿ ಇಟ್ಟರು. ಸಂಗೀತದ ಬದಲು ನಿಮ್ಮಲ್ಲಿ ಪೂಲ್ ಆಟದ ಬ್ರೇಕಿನ, ಅಂದರೆ ಮೊದಲ ಹೊಡೆತದ, ಸದ್ದು ಹಾಕಿದ್ದೀರಿ. ಚೆಂಡುಗಳು ಸಿಡಿದು ಚೆದುರುತ್ತವೆ, ಒಂದೂ ಪಾಕೆಟ್‌ಗೆ ಬೀಳುವುದಿಲ್ಲ, ಮತ್ತೆ ಬ್ರೇಕ್. ಅದನ್ನು ಕೇಳುತ್ತಾ ಕೂತಿದ್ದೆ. ಆಮೇಲೆ ಒಬ್ಬ ಹುಡುಗ ಬಂದ. ವಿನಯವಂತ. ಆತನ ಮೇಲೆ ನನ್ನ ದೂರಿಲ್ಲ.

“ಸರ್, ನೀವು ಹೇಳೋ ಪ್ರಕಾರ ಎದುರಾಳಿ ಫೌಲ್ ಮಾಡಿದ್ದಾರೆ, ನಿಮಗೆ ಅಂಕ ಬಂದಿದೆ. ಅಂಕ ಬಂದಿಲ್ವಾ ಸರ್?”

“ಬಂದಿದೆ.”

“ಮತ್ತೇನು ಸರ್ ತೊಂದರೆ?”

ತೊಂದರೆ ವಿವರಿಸಿದೆ. ಆತ ಎಲ್ಲ ಕೇಳಿ, “ಅದೇ ಜಾಗಕ್ಕೆ ಯಾಕೆ ಸರ್ ವಾಪಸ್ ಇಡಿಸಿದ್ರಿ? ಅವರೂ ಪಾಪ ಆಡಲಿ ಅಂತ ಬಿಡಬಹುದಿತ್ತಲ್ವಾ?” ಅಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿಯಮ ಅಂದೆ. “ನಿಯಮ ಸರಿ ಸರ್, ಆದರೆ ನಮ್ಮ ಆಟಗಾರರ ಅನುಭವ ಮುಖ್ಯ ಅಲ್ವಾ?” ನಾನೂ ನಿಮ್ಮ ಆಟಗಾರನೇ ಅಂದೆ. ಆಗ ಮೇಲಿನವರಿಗೆ ಕರೆ ದಾಟಿಸಿದ. ಮತ್ತೆ ಬ್ರೇಕಿನ ಸದ್ದು.

ಮೇಲಿನವರು ಒಬ್ಬ ಮೇಡಂ. ಮೊದಲಿಂದ ಹೇಳಿ ಅಂದರು. ಮೊದಲಿಂದ ಹೇಳಿದೆ. ಬ್ರೌನ್ ಹಿಂದೆ ಸ್ನೂಕರ್ ಹಾಕಿದೆ ಅನ್ನುವಲ್ಲಿಗೆ ಬಂದಾಗ ತಡೆದರು.

“ಬ್ರೌನ್ ಅಂದ್ರೆ ಎಷ್ಟನೇ ನಂಬರ್ ಚೆಂಡು ಸರ್?”

“ನಂಬರ್ ಇಲ್ಲ ಮೇಡಂ. ಸ್ನೂಕರ್ ಚೆಂಡಿಗೆ ನಂಬರ್ ಇರೋದಿಲ್ಲ.”

“ನಮ್ಮ ಫಾರ್ಮ್‌ನಲ್ಲಿ ಚೆಂಡಿನ ನಂಬರ್ ಕಡ್ಡಾಯ ಸರ್.”

“ಆ ಜಾಗ ಖಾಲಿ ಬಿಡಿ.”

“ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ ಸರ್.”

“ಅದು ಪೂಲ್ ಫಾರ್ಮ್ ಇರಬೇಕು ಮೇಡಂ. ಸ್ನೂಕರ್‌ದು ಬೇರೆ ಇದೆಯಾ ನೋಡಿ.”

ನೋಡಿದರು. ತುಂಬ ಹೊತ್ತು ನೋಡಿದರು. “ಎರಡೂ ಒಂದೇ ಸರ್,” ಅಂದರು.

ಎರಡೂ ಒಂದೇ. ಪೂಲ್ ಚೆಂಡು 57.15 ಮಿಲಿಮೀಟರ್, ಸ್ನೂಕರ್ ಚೆಂಡು 52.5 ಮಿಲಿಮೀಟರ್ ಅಂತ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡವರು ನೀವು. ಮೇಜು ಬೇರೆ, ಪಾಕೆಟ್ ಬೇರೆ, ಬಟ್ಟೆ ಬೇರೆ ಅಂತ ವಿಡಿಯೋ ಮಾಡಿದವರು ನೀವು. ದೂರು ಕೊಡುವಾಗ ಮಾತ್ರ ಎರಡೂ ಒಂದೇ. ಕೊನೆಗೆ ಬ್ರೌನ್‌ಗೆ 4 ಅಂಕ, ಹಾಗಾಗಿ 4 ಅಂತ ಹಾಕಿ ಅಂದೆ. “ಥ್ಯಾಂಕ್ಯೂ ಸರ್, ಈಗ ಸ್ಪಷ್ಟವಾಯ್ತು,” ಅಂದರು. ಅವರಿಗೆ ಏನು ಸ್ಪಷ್ಟವಾಯಿತು ಅಂತ ನನಗೆ ನಿನ್ನೆ ಮೇಲ್ ಬಂದಾಗ ಗೊತ್ತಾಯಿತು.

ಕರೆ ಮುಗಿಯುವ ಮುಂಚೆ ಇನ್ನೂ ಒಂದು ಪ್ರಶ್ನೆ ಬಂತು. “ಸರ್, ನೀವು ನಮ್ಮ ತರಬೇತಿ ಪಾಠ ಮುಗಿಸಿದ್ದೀರಾ? ಗುರಿ ತೋರಿಸೋ ಗೆರೆ ಆನ್ ಮಾಡ್ಕೊಂಡಿದ್ದೀರಾ? ಹೊಸಬರಿಗೆ ತುಂಬಾ ಸಹಾಯ ಆಗತ್ತೆ.” ಗೆರೆ ಇಲ್ಲದೆ ಆಡುವವರಿಗೆ ಮಾತ್ರ ಇರುವ ವಿಭಾಗದಿಂದ ನನ್ನನ್ನು ತೆಗೆದುಹಾಕಿದ್ದೀರಿ ಅನ್ನುವುದೇ ನನ್ನ ದೂರು. ಅವರು ಆ ಗೆರೆಯನ್ನೇ ಹಾಕಿಕೊಳ್ಳಿ ಅಂದರು. ಕೊನೆಗೆ, ಹೆಚ್ಚಿನ ಆಟಗಾರರ ಅಭಿಪ್ರಾಯ ತುಂಬ ಚೆನ್ನಾಗಿದೆ ಸರ್ ಅಂತ ಬೇರೆ ಹೇಳಿದರು. ಇರುತ್ತದೆ. ಸ್ಟಾರ್ ಕೊಡಿ ಅನ್ನುವ ಪೆಟ್ಟಿಗೆ ಫ್ರೇಮ್ ಗೆದ್ದ ತಕ್ಷಣ ಮಾತ್ರ ಬರುತ್ತದೆ. ಸೋತಾಗ ಅದು ಬಂದಿದ್ದನ್ನು ನಾನು ಕಂಡಿಲ್ಲ.

ಈಗ ನಿನ್ನೆಯ ಮೇಲ್. ಅದರ ಸಾರ: ಏಯ್ಟ್‌ಬಾಲ್ ಪೂಲ್‌ನಲ್ಲಿ 4ನೇ ಚೆಂಡಿನ ಬಗ್ಗೆ ನೀವು ಕೊಟ್ಟ ದೂರನ್ನು ಪರಿಶೀಲಿಸಲಾಗಿದೆ. 4 ಸಾಲಿಡ್ (ಪೂರ್ತಿ ಒಂದೇ ಬಣ್ಣದ) ಗುಂಪಿನ ಚೆಂಡು. ನಿಮ್ಮ ಗುಂಪು ಸ್ಟ್ರೈಪ್ (ಪಟ್ಟೆ ಇರುವ ಚೆಂಡುಗಳು) ಆಗಿದ್ದರೆ ಅದನ್ನು ಮೊದಲು ಹೊಡೆಯುವಂತಿಲ್ಲ. ನಿಮ್ಮ ಸಮಸ್ಯೆ ಬಗೆಹರಿದಿದೆ. ಕೆಳಗೆ ಒಂದು ಲಿಂಕ್. ಒತ್ತಿದರೆ ತರಬೇತಿಯ ಮೊದಲ ಪಾಠ: ಕ್ಯೂ ಹಿಡಿಯುವುದು ಹೇಗೆ.

ನಾನು ಈ ಆಟವನ್ನು ಬೈಯಲೆಂದೇ ಬಂದವನಲ್ಲ. ಚೆಂಡಿಗೆ ಚೆಂಡು ತಾಗುವ ಲೆಕ್ಕ ನಿಮ್ಮಲ್ಲಿ ಚೆನ್ನಾಗಿದೆ. ಸ್ಟನ್ (ತಾಗುವ ಹೊತ್ತಿಗೆ ಬಿಳಿ ಚೆಂಡು ಉರುಳದೆ ಜಾರುವ ಹೊಡೆತ) ಹೊಡೆದರೆ ಬಿಳಿ ಚೆಂಡು ಗುರಿಯ ಚೆಂಡಿನ ದಾರಿಗೆ ಸರಿಯಾಗಿ 90 ಡಿಗ್ರಿಗೆ ಹೋಗುತ್ತದೆ. ಅರ್ಧ ಚೆಂಡು ಹಿಡಿದು ಹೊಡೆದರೆ ಗುರಿಯ ಚೆಂಡು 30 ಡಿಗ್ರಿಗೆ ಸಿಡಿಯುತ್ತದೆ. ಕಟ್ಟಾ ಆಟಗಾರರು ಬಾಯಿತುಂಬ ಹೊಗಳುವುದು ಇದನ್ನೇ, ನಾನೂ ಹೊಗಳಿದ್ದೇನೆ. ಫ್ರೆಂಚ್ ಗಣಿತಜ್ಞ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಚೆಂಡಿನ ಗಣಿತ ಬರೆದಿಟ್ಟಿದ್ದಾರೆ, ನಿಮ್ಮ ಎಂಜಿನಿಯರುಗಳು ಅದನ್ನು ಗೌರವಿಸಿದ್ದಾರೆ. ಆಟ ಕೆಟ್ಟದಾಗಿದ್ದರೆ ಡಿಲೀಟ್ ಮಾಡಿ ಸುಮ್ಮನಾಗುತ್ತಿದ್ದೆ. ಇಷ್ಟೆಲ್ಲ ಕಷ್ಟಪಟ್ಟು ಚೆಂಡನ್ನು ನಿಜ ಮಾಡಿದವರು ನಿಯಮವನ್ನು ಯಾಕೆ ಸುಳ್ಳು ಮಾಡಿದಿರಿ ಅನ್ನುವುದೇ ನನ್ನ ಸಿಟ್ಟು.

ಬರೆಯಲು ಕೂತದ್ದಾಯಿತು, ಉಳಿದದ್ದನ್ನೂ ಹೇಳಿಬಿಡುತ್ತೇನೆ. ಫ್ರೀ ಬಾಲ್. ಫೌಲ್ ಆದ ಮೇಲೆ ಒಂದು ರೆಡ್‌ನದ್ದಾದರೂ ಎರಡೂ ಅಂಚು ಕಾಣದಿದ್ದರೆ ನನಗೆ ಫ್ರೀ ಬಾಲ್, ಅಂದರೆ ಬೇರೆ ಚೆಂಡನ್ನು ರೆಡ್ ಅಂತ ಆಡುವ ಹಕ್ಕು, ಸಿಗಬೇಕು. ನಿಮ್ಮ ಆಟ ಚೆಂಡಿನ ನಡುಭಾಗ ಕಂಡರೆ ಸಾಕು ಅನ್ನುತ್ತದೆ. ಬಲ ಅಂಚು ಪೂರ್ತಿ ಮುಚ್ಚಿದ್ದ ಚಿತ್ರ ಕಳಿಸಿದೆ. ‘ನೋಡುವ ಕೋನ ಬದಲಿಸಿ’ ಅಂತ ಉತ್ತರ ಬಂತು. ನಾನು ಕ್ಯಾಮೆರಾ ತಿರುಗಿಸಿದರೆ ಚೆಂಡು ಜರುಗುವುದಿಲ್ಲ.

ಆಮೇಲೆ ಬಟ್ಟೆ. ಸ್ನೂಕರ್ ಮೇಜಿನ ಬಟ್ಟೆಗೆ ನ್ಯಾಪ್, ಅಂದರೆ ಒಂದೇ ಕಡೆ ಬಾಗಿದ ನವಿರು ಎಳೆ, ಇರುತ್ತದೆ, ಬಾಲ್ಕ್‌ನಿಂದ ಬ್ಲ್ಯಾಕ್ ಕಡೆಗೆ ಬಾಗಿರುತ್ತದೆ. ಅದಕ್ಕೆ ಎದುರಾಗಿ ನಿಧಾನವಾಗಿ, ಸೈಡ್ (ಚೆಂಡಿಗೆ ಪಕ್ಕದ ತಿರುಗು) ಹಾಕಿ ಆಡಿದರೆ ಚೆಂಡು ಸೈಡ್ ಹಾಕಿದ ಕಡೆ ಬಿಟ್ಟು ಇನ್ನೊಂದು ಕಡೆ ಎಳೆಯುತ್ತದೆ. ‘ಬಟ್ಟೆಯ ಒಂದೊಂದು ಎಳೆಯನ್ನೂ ಲೆಕ್ಕ ಹಾಕಿದ್ದೇವೆ’ ಅಂತ ಬರೆದುಕೊಂಡಿದ್ದೀರಿ. ಕಳೆದ ಅಪ್‌ಡೇಟ್ ಆದ ಮೇಲೆ ಸ್ನೂಕರ್ ಮೇಜಿನಲ್ಲಿ ಈ ಎಳೆತ ಇಲ್ಲವೇ ಇಲ್ಲ. ನುಣುಪಾದ ಬಟ್ಟೆ ಇರಬೇಕಾದ ನೈನ್‌ಬಾಲ್ ಪೂಲ್ ಮೇಜಿನಲ್ಲಿ ಧಾರಾಳವಾಗಿದೆ. ಯಾರೋ ಎರಡನ್ನೂ ಅದಲು ಬದಲು ಮಾಡಿದ್ದಾರೆ. ಎರಡೂ ಒಂದೇ ಅಲ್ವಾ, ಏನಂತೆ.

ಇದನ್ನು ಕೇಳಿದರೆ ‘ಅದು ಕಿಕ್ ಸರ್’ ಅನ್ನುತ್ತಾರೆ. ಕಿಕ್ ನನಗೂ ಗೊತ್ತು. ಚೆಂಡುಗಳ ನಡುವೆ ಚಾಕ್ ಪುಡಿ ಸಿಕ್ಕಿಕೊಂಡು ಚೆಂಡು ಕುಪ್ಪಳಿಸುವುದು. ನಿಜವಾದ ಮೇಜಿನಲ್ಲಿ ಅದು ಅಪರೂಪಕ್ಕೆ ಆಗುತ್ತದೆ. ನಿಮ್ಮ ಸಹಾಯ ವಿಭಾಗದಲ್ಲಿ ಮಾತ್ರ ಪ್ರತಿ ದೂರಿಗೂ ಆಗುತ್ತದೆ.

ನನಗೆ ಬೇಕಾದದ್ದು ಇಷ್ಟೇ. ಅಮಾನತು ತೆಗೆಯಿರಿ. ಆ ಫ್ರೇಮನ್ನು ರದ್ದು ಮಾಡಿ ನನ್ನ ರ‍್ಯಾಂಕಿಂಗ್ ಅಂಕ ವಾಪಸ್ ಕೊಡಿ. ನಿಯಮ ಕೊಟ್ಟ ಹಕ್ಕನ್ನು ಬಳಸಿದವರನ್ನು ಹಿಡಿಯುವ ಆ ವ್ಯವಸ್ಥೆಯನ್ನು ನಿಲ್ಲಿಸಿ. ಆಗದಿದ್ದರೆ ಮಿಸ್ ಬಟನ್ ತೆಗೆದುಹಾಕಿ, ಜೊತೆಗೆ ಜಾಹೀರಾತಿನಿಂದ ‘ಅಪ್ಪಟ ನೈಜ’ ಅನ್ನುವುದನ್ನೂ ತೆಗೆಯಿರಿ. ನಾನು ಕೊಟ್ಟ ಹಣವನ್ನೂ ಹಿಂದಿರುಗಿಸಿ. ಏಳು ದಿನ ಸಮಯ ಕೊಡುತ್ತೇನೆ. ಬ್ಲ್ಯಾಕ್‌ಗೆ ಎಷ್ಟು ಅಂಕವೋ ಅಷ್ಟು ದಿನ, ನೆನಪಿಟ್ಟುಕೊಳ್ಳಲು ಸುಲಭ. ನಿಮ್ಮ ಫಾರ್ಮ್‌ನಲ್ಲಿ ಬ್ಲ್ಯಾಕ್ ಇಲ್ಲದಿದ್ದರೆ ಅದು ನನ್ನ ತಪ್ಪಲ್ಲ.

ಎಂಟನೆಯ ದಿನ ನಾನು ಏನು ಮಾಡುತ್ತೇನೆ ಅಂತಲೂ ಹೇಳಿಬಿಡುತ್ತೇನೆ. ಆ ಫ್ರೇಮಿನ ವಿಡಿಯೋ ನನ್ನ ಹತ್ತಿರ ಪೂರ್ತಿ ಇದೆ. ಅದನ್ನು ನಿಮ್ಮ ನಿಯಮದ ಪುಟದ ಪಕ್ಕದಲ್ಲಿಟ್ಟು, ಈ ಆಟ ಸಿಗುವ ಪ್ರತಿ ಅಂಗಡಿಯ ವಿಮರ್ಶೆ ವಿಭಾಗದಲ್ಲೂ ಹಾಕುತ್ತೇನೆ. ಹೀಗೇ ಅಮಾನತಾದವರು ಇನ್ನೂ ಇದ್ದಾರೆ, ಅವರ ಜೊತೆ ಮಾತಾಡಿದ್ದೇನೆ. ಎಲ್ಲರೂ ಸೇರಿ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇವೆ. ಗುಣಮಟ್ಟಕ್ಕಾಗಿ ಕರೆಯನ್ನು ರೆಕಾರ್ಡ್ ಮಾಡಲಾಗುತ್ತದೆ ಅಂತ ನೀವೇ ಹೇಳಿದ್ದೀರಿ. ಆ ರೆಕಾರ್ಡಿಂಗ್ ಅಳಿಸಬೇಡಿ. ನ್ಯಾಯಾಲಯದಲ್ಲಿ ನಾವು ಮೊದಲು ಕೇಳುವುದು ಅದನ್ನೇ.

ಇತಿ,
ನೀವು ಅಮಾನತು ಮಾಡಿದ ಆಟಗಾರ
(ದೂರು ‘4ನೇ ಚೆಂಡಿನ’ ಹೆಸರಿನಲ್ಲಿ ದಾಖಲಾಗಿದೆ)